ಬಣ್ಣದಕ್ಕನ ಹಳದಿ ಮೂಲೆ

ಬಿಳಿ ಎಂದರೆ ಒಂದೇ ಬಣ್ಣ ಎಂದುಕೊಂಡವರು ಬಣ್ಣದಕ್ಕನ ಪಕ್ಕದಲ್ಲಿ ಅರ್ಧ ಗಂಟೆ ಕೂರಬೇಕಿತ್ತು. ಹಾಲಿನ ಬಿಳಿ, ಸುಣ್ಣದ ಬಿಳಿ, ಮೊಟ್ಟೆಯ ಬಿಳಿ, ಒಗೆದು ಒಗೆದು ಸವೆದ ದಿಂಬಿನ ಚೀಲದ ಬಿಳಿ, ಹೀಗೆ ಮೂವತ್ತು ಬಗೆಯನ್ನು ನಿಂತ ನಿಲುವಿನಲ್ಲಿ ಎಣಿಸುತ್ತಿದ್ದಳು. ಬಾಯಲ್ಲಿ ಹೇಳುವುದಷ್ಟೇ ಅಲ್ಲ, ಬೆರಳಿಟ್ಟು ತೋರಿಸುತ್ತಿದ್ದಳು. ಇಪ್ಪತ್ತೊಂಬತ್ತು ವರ್ಷದಿಂದ ಅದೇ ಅವಳ ಅನ್ನ. ಅಂಥವಳಿಗೆ ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಅಚ್ಚ ಬಿಳಿಯ ಪುಟದ ಎಡ ಮೂಲೆಯಲ್ಲಿ ಹಳದಿ ಕಂಡಿತು ಎಂದರೆ ಎದೆ ಏನಾಗಿರಬೇಕು, ನೀವೇ ಹೇಳಿ.

ಬಣ್ಣದಕ್ಕ ಎಂಬುದು ಬೀದಿಯವರು ಕೊಟ್ಟ ಹೆಸರು. ಕೆಲಸ ಮಹಡಿಯ ಮೇಲಿನ ಫೋಟೋ ಮುದ್ರಣದ ಅಂಗಡಿಯಲ್ಲಿ. ಕೆಳಗೆ ಬೀಗ ರಿಪೇರಿಯವನು, ಪಕ್ಕಕ್ಕೆ ದರ್ಜಿ, ನಡುವೆ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿಕೊಂಡು ದಾರಿ ಬಿಡಬೇಕಾದಷ್ಟು ಇಕ್ಕಟ್ಟಿನ ಮೆಟ್ಟಿಲು. ಮೇಲೆ ಎರಡೇ ಕೋಣೆ. ಹೊರಗಿನ ಕೋಣೆಯಲ್ಲಿ ಗಿರಾಕಿಗಳು ಮತ್ತು ಮಾಲೀಕನ ಮಾತು. ಒಳಗಿನ ಕೋಣೆಯ ಗೋಡೆಗೆಲ್ಲ ಬೂದು ಬಣ್ಣ. ಬಣ್ಣದಕ್ಕ ಕೂಡ ಉಟ್ಟ ಬಟ್ಟೆಯ ಮೇಲೊಂದು ಬೂದು ಕೋಟು ಹಾಕಿಕೊಂಡೇ ಕೂರುವವಳು. ಕೆಂಪು ಬಟ್ಟೆ ತೊಟ್ಟು ಕೂತರೆ ಅದರ ಛಾಯೆ ಪರದೆಗೆ ಬಡಿದು ಕಣ್ಣಿಗೆ ಮೋಸ ಮಾಡುತ್ತದೆ ಎಂಬುದು ಆ ಕಸುಬಿನ ಲೆಕ್ಕ. ಬಂದವರ ಫೋಟೋಗಳಲ್ಲಿ ಮುಖದ ಕಪ್ಪು ತಿಳಿ ಮಾಡುವುದು, ಹಳೆ ಚಿತ್ರದ ಬಿರುಕು ಮುಚ್ಚುವುದು, ಇವೆಲ್ಲ ಚಿಲ್ಲರೆ ಕೆಲಸ. ಅಂಗಡಿಯನ್ನು ಸಾಕುತ್ತಿದ್ದದ್ದು ಒಂದು ಟೈಲ್ಸ್ ಕಂಪನಿಯ ಕ್ಯಾಟಲಾಗು. ಕೈಯಲ್ಲಿ ಹಿಡಿದ ಬಿಲ್ಲೆಯ ಬಿಳಿಯೂ ಕಾಗದದ ಮೇಲಿನ ಬಿಳಿಯೂ ಅಣ್ಣತಮ್ಮಂದಿರ ಹಾಗಿರಬೇಕು, ಇಲ್ಲದಿದ್ದರೆ ಕಂಪನಿಯ ಮ್ಯಾನೇಜರು ರಂಪ ಮಾಡುತ್ತಿದ್ದ. ರಂಪಕ್ಕೆ ಇಷ್ಟು ವರ್ಷ ಬಣ್ಣದಕ್ಕ ಅವಕಾಶವನ್ನೇ ಕೊಟ್ಟಿರಲಿಲ್ಲ.

ಹೊಸ ಕಂಪ್ಯೂಟರು ಬಂದದ್ದು ಆ ಮಂಗಳವಾರಕ್ಕೆ ಮೂರು ದಿನ ಮುಂಚೆ. ಮಾಲೀಕನ ಸಂಭ್ರಮ ಹೇಳತೀರದು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಯಾರನ್ನೂ ಬಿಡದೆ ಕರೆದು ತೋರಿಸಿದ. ಬೀಗದವನೂ ಬಂದು, ಎಣ್ಣೆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಾಯಿ ಬಿಟ್ಟು ನೋಡಿ ಹೋದ. ಪರದೆಯೋ, ಊಟದ ಮೇಜಿನ ಅರ್ಧದಷ್ಟು ಅಗಲ. ದಪ್ಪ ನೋಡಿದರೆ ಬೆರಳಷ್ಟೂ ಇಲ್ಲ. ಇಡೀ ಯಂತ್ರ ಅದರ ಬೆನ್ನಲ್ಲೇ ಅಡಗಿತ್ತು.

"ಅಕ್ಕಾ, ಇದು ಕಂಪ್ಯೂಟರ್ ಅಂದ್ಕೋಬೇಡಿ, ಕನ್ನಡಿ ಅಂದ್ಕೊಳ್ಳಿ. ಇದ್ರಲ್ಲಿ ಏನು ಕಾಣ್ಸುತ್ತೋ ಅದೇ ಸತ್ಯ. ಪ್ರಪಂಚದಲ್ಲಿ ಇದಕ್ಕಿಂತ ಮೇಲಿನದು ಇಲ್ಲ," ಎಂದ ಮಾಲೀಕ.

"ಮೇಲಿನದು ಮುಂದಿನ ವರ್ಷ ಬರುತ್ತೆ ಬಿಡಿ," ಎಂದ ಕತ್ತರಿ ಮಾವ ಮೂಲೆಯಿಂದ. ಮುದ್ರಣವಾಗಿ ಬಂದ ಹಾಳೆಗಳ ಅಂಚು ಕತ್ತರಿಸುವುದು ಅವನ ಕೆಲಸ. ವಯಸ್ಸು ಅರವತ್ತು ದಾಟಿದ್ದರೂ ನಾಲಿಗೆಯ ಮೊನಚು ಮಾತ್ರ ಹಾಗೇ ಇತ್ತು.

ಮೂರು ದಿನ ಎಲ್ಲ ಸೊಗಸಾಗಿತ್ತು. ನಾಲ್ಕನೆಯ ದಿನವೇ ಆ ಹಳದಿ.

ಎಡಗಡೆ, ಕೆಳಗಿನ ಮೂಲೆ. ಅಂಗೈ ಅಗಲ. ಚಹಾ ಚೆಲ್ಲಿ ಒರೆಸಿದ ಮೇಲೆ ಬಟ್ಟೆಯ ಮೇಲೆ ಉಳಿಯುತ್ತದಲ್ಲ, ಅಷ್ಟೇ ತೆಳು. ಬೇರೆಯವರಾಗಿದ್ದರೆ ಗಮನಕ್ಕೂ ಬರುತ್ತಿರಲಿಲ್ಲ. ಬಣ್ಣದಕ್ಕ ಕಣ್ಣು ಉಜ್ಜಿಕೊಂಡಳು. ಅಷ್ಟರಲ್ಲಿ ಪರದೆಯ ಕೆಳಗಿನ ಅರ್ಧ ರೆಪ್ಪೆ ಬಡಿಯುವಷ್ಟು ಹೊತ್ತು ಕಪ್ಪಾಗಿ ಮತ್ತೆ ಬೆಳಗಿತು. ಆಯಿತೋ ಇಲ್ಲವೋ ಎಂದು ಅನುಮಾನ ಬರುವಷ್ಟೇ ಹೊತ್ತು. ತಿರುಗಿ ನೋಡಿದಳು. ಕತ್ತರಿ ಮಾವ ತಲೆ ಬಗ್ಗಿಸಿ ಕಾಗದ ಕತ್ತರಿಸುತ್ತಿದ್ದ. ಮಾಲೀಕ ಹೊರಗೆ ಫೋನಿನಲ್ಲಿ ನಗುತ್ತಿದ್ದ. ಅಂದರೆ ಕಂಡದ್ದು ತನಗೊಬ್ಬಳಿಗೇ.

ಪರದೆ ಕೆಟ್ಟಿದೆ ಎಂದು ಅವಳಿಗೆ ಯಾಕೆ ಹೊಳೆಯಲಿಲ್ಲ ಎಂದು ನೀವು ಕೇಳಬಹುದು. ಹಾವು ತುಳಿದವನಿಗೆ ಹಗ್ಗ ಕಂಡರೂ ಹಾವೇ. ಇದೇ ಅಂಗಡಿಯಲ್ಲಿ, ಇದೇ ಒಳಗಿನ ಕೋಣೆಯಲ್ಲಿ, ಅವಳ ಅಪ್ಪ ಸಣ್ಣ ಕುಂಚ ಹಿಡಿದು ಫೋಟೋ ತಿದ್ದುತ್ತಿದ್ದ. ಈಗಿನ ಮಾಲೀಕನ ಅಪ್ಪನ ಕಾಲ ಅದು. ನಲವತ್ತೆಂಟನೆಯ ವಯಸ್ಸಿನಲ್ಲಿ ಅಪ್ಪನ ಕಣ್ಣು ಹೋಗತೊಡಗಿತು. ಕಣ್ಣೊಳಗಿನ ಒತ್ತಡ ಎಂದರು ಡಾಕ್ಟರು. "ಮೂಲೆಯಿಂದ ಶುರುವಾಯ್ತು," ಎಂದು ಅಪ್ಪ ಆಗ ಹೇಳಿದ್ದ. ಅದೊಂದು ಮಾತು ಅವಳ ತಲೆಯಲ್ಲಿ ಮೊಳೆ ಹೊಡೆದಂತೆ ಕೂತಿತ್ತು. ಮಕ್ಕಳೂ ವರ್ಷಕ್ಕೊಮ್ಮೆ ತೋರಿಸಿಕೊಳ್ಳಬೇಕು ಎಂದು ಡಾಕ್ಟರು ಅಂದೇ ಹೇಳಿದ್ದರು. ಅವಳು ಹೋಗಿರಲಿಲ್ಲ. ಮೊದಮೊದಲು ಪುರುಸೊತ್ತಿಲ್ಲ ಎಂದಳು, ಆಮೇಲೆ ಕಣ್ಣು ಚೆನ್ನಾಗಿದೆಯಲ್ಲ ಎಂದಳು. ನಿಜ ಹೇಳಬೇಕೆಂದರೆ ಹೆದರಿಕೆ. ಈಗ ಅವಳಿಗೂ ನಲವತ್ತೆಂಟು.

ಹಾಗಾದರೆ ಪಕ್ಕದಲ್ಲೇ ಇದ್ದ ಕತ್ತರಿ ಮಾವನನ್ನು ಒಂದು ಮಾತು ಕೇಳಬಹುದಿತ್ತಲ್ಲ? ಅಲ್ಲೇ ಇದ್ದದ್ದು ತೊಡಕು. ಅಪ್ಪ ಅವಳಿಗೆ ಕಲಿಸಿದ ಮೊದಲನೆಯ ಪಾಠವೇ ಅದು: "ಬಣ್ಣ ನೋಡೋರು ಬಣ್ಣ ಹೇಳ್ಬೇಕು, ಕೇಳಬಾರ್ದು. ಒಂದು ಸಲ ಇನ್ನೊಬ್ಬರ ಕಣ್ಣು ಕೇಳಿದ್ರೆ ಮುಗೀತು, ಆಮೇಲೆ ನಿನ್ನ ಮಾತನ್ನ ನಾಯಿಯೂ ನಂಬಲ್ಲ." ಇಪ್ಪತ್ತೊಂಬತ್ತು ವರ್ಷದಲ್ಲಿ ಅವಳು ಒಬ್ಬರನ್ನೂ, ಒಮ್ಮೆಯೂ, 'ಇದು ಯಾವ ಬಣ್ಣ ಕಾಣುತ್ತೆ' ಎಂದು ಕೇಳಿರಲಿಲ್ಲ. ಈಗ ಕೇಳುವುದೆಂದರೆ ತನ್ನ ಕಣ್ಣು ಹೋಯಿತು ಎಂದು ತಾನೇ ಡಂಗುರ ಸಾರಿದ ಹಾಗೆ.

ಅವಳು ಕೇಳಲಿಲ್ಲ. ಕೈಗೆ ರೂಢಿಯಾದದ್ದನ್ನು ಮಾಡಿದಳು. ಹಳದಿ ಕಂಡಲ್ಲಿ ನೀಲಿ ಬೆರೆಸಿ ಸರಿ ಮಾಡಿದಳು. ಅರವತ್ತು ಪುಟ, ಪ್ರತಿ ಪುಟದ ಎಡ ಮೂಲೆಯ ಬಿಳಿಗೂ ಒಂದೊಂದು ಚಿಟಿಕೆ ನೀಲಿ.

ಮನೆಗೆ ಹೋದರೂ ನೆಮ್ಮದಿಯಿಲ್ಲ. ಬಚ್ಚಲಿನ ಗೋಡೆ ನೋಡಿದರೆ ಎಡಗಡೆ ಹಳದಿಯೇ ಅನ್ನಿಸಿತು. ದೀಪದ ಕೆಳಗೆ ಅಂಗೈ ಹಿಡಿದರೆ ಅದೂ ಹಳದಿ. ದೀಪವೇ ಹಳದಿ ಎಂದು ನೆನಪಾಗಲು ಸ್ವಲ್ಪ ಹೊತ್ತು ಬೇಕಾಯಿತು. ಒಂದು ಕಣ್ಣು ಮುಚ್ಚಿ, ಇನ್ನೊಂದು ಬಿಟ್ಟು, ಹದಿನೇಳು ಸಲ ಗಡಿಯಾರ ನೋಡಿದಳು. ಗಂಡ ಲಾರಿ ಓಡಿಸುವವನು, ದೂರದ ಲೋಡಿಗೆ ಹೋಗಿದ್ದ. ಸಂಜೆ ಫೋನು ಮಾಡಿ ಎಂದಿನಂತೆ, "ಎಲ್ಲ ಸರಿಯಿದ್ಯಾ?" ಎಂದ. "ಸರಿಯಿದೆ," ಎಂದಳು. ಹೇಳಿದರೆ ಅವನ ಕೈ ಸ್ಟೇರಿಂಗ್ ಮೇಲೆ ನಡುಗೀತು ಎಂಬುದು ಅವಳು ತನಗೆ ತಾನೇ ಕೊಟ್ಟುಕೊಂಡ ನೆಪ.

ಗುರುವಾರ ಅವಳು ಧೈರ್ಯ ಮಾಡಿ ಮೆಟ್ಟಿಲ ತಿರುವಿನಲ್ಲಿ ನಿಂತು, ಕಂಪ್ಯೂಟರ್ ಮಾಡಿದ ಕಂಪನಿಯ ಸಹಾಯದ ನಂಬರಿಗೆ ಫೋನು ಹಚ್ಚಿದಳು. ಅಂಗಡಿಯ ಹೆಸರು ಹೇಳಿದಳು, ತನ್ನದು ಹೇಳಲಿಲ್ಲ. ಮೂಲೆಯಲ್ಲಿ ಹಳದಿ, ನಡುನಡುವೆ ಕಪ್ಪು, ಎಂದು ಪಿಸುಗುಟ್ಟಿದಳು. ಆ ಕಡೆಯ ಹುಡುಗಿ ಬಲು ವಿನಯದಿಂದ, "ಒಂದು ಸ್ಕ್ರೀನ್‌ಶಾಟ್ ತೆಗೆದು ಕಳಿಸಿ ಮೇಡಂ, ನೋಡ್ತೀವಿ," ಎಂದಳು. ಮೇಲೆ ಹೋಗಿ ತೆಗೆದು, ಮತ್ತೆ ಮೆಟ್ಟಿಲಿಗೆ ಬಂದು ಕಳಿಸಿದಳು. ಕಳಿಸುವ ಮುಂಚೆ ತನ್ನ ಫೋನಿನಲ್ಲೇ ತೆರೆದು ನೋಡಿದಳು. ಮೂಲೆ ಸ್ವಚ್ಛ ಬಿಳಿ. ಹಳದಿಯ ಸುಳಿವೇ ಇಲ್ಲ. ಸ್ವಲ್ಪ ಹೊತ್ತಿನ ನಂತರ ಉತ್ತರವೂ ಬಂತು: "ಚಿತ್ರದಲ್ಲಿ ಯಾವ ದೋಷವೂ ಇಲ್ಲ ಮೇಡಂ. ತುಂಬಾ ಹೊತ್ತು ಸ್ಕ್ರೀನ್ ನೋಡೋರಿಗೆ ಕಣ್ಣು ದಣಿದು ಹೀಗಾಗೋದುಂಟು. ಒಮ್ಮೆ ಕಣ್ಣಿನ ಡಾಕ್ಟರನ್ನ ಕಾಣಿ."

ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಮೇಲೆ ಬಂದು ಇನ್ನೊಂದು ಪರೀಕ್ಷೆಯನ್ನೂ ಮಾಡಿದಳು. ಪರದೆಯ ಯಾವ ಜಾಗದ ಮೇಲೆ ಒತ್ತಿದರೂ ಅಲ್ಲಿನ ಬಣ್ಣವನ್ನು ಕಂಪ್ಯೂಟರು ಅಂಕಿಯಲ್ಲಿ ಹೇಳುತ್ತದೆ. ಹಳದಿ ಕಂಡ ಮೂಲೆಯ ಮೇಲೆ ಒತ್ತಿದಳು. ಅಂಕಿ ಹೇಳಿತು, ಬಿಳಿ. ನಡುವೆ ಒತ್ತಿದಳು, ಬಿಳಿ. ಮತ್ತೆ ಮೂಲೆ, ಬಿಳಿ. ಸಾಕ್ಷಿಗಳೆಲ್ಲ ಒಂದೇ ಮಾತು ಹೇಳುತ್ತಿದ್ದವು. ಸುಳ್ಳು ಹೇಳುತ್ತಿದ್ದದ್ದು ಅವಳ ಕಣ್ಣು ಮಾತ್ರ.

ಇಪ್ಪತ್ತೊಂಬತ್ತು ವರ್ಷ ಚಿತ್ರವನ್ನೇ ನೋಡಿದವಳಿಗೆ ಚಿತ್ರದ ಮುಂದೆ ಒಂದು ಗಾಜು ಇದೆ ಎಂಬುದೇ ಮರೆತುಹೋಗಿತ್ತು. ಅಂಗಡಿಗೆ ಹೊಸದಾಗಿ ಬಂದವರಾಗಿದ್ದರೆ ಈ ತಪ್ಪು ಮಾಡುತ್ತಿರಲಿಲ್ಲ. ಪಳಗಿದವಳಾದ್ದರಿಂದಲೇ ಮಾಡಿದಳು.

ಮಾದರಿ ಹಾಳೆಗಳು ಕಂಪನಿಗೆ ಹೋಗಿ, ಸೋಮವಾರ ಮ್ಯಾನೇಜರು ದಡದಡನೆ ಮೆಟ್ಟಿಲು ಹತ್ತಿ ಬಂದ. ಹಾಳೆಗಳನ್ನು ಮೇಜಿನ ಮೇಲೆ ಹರಡಿದ. ಪ್ರತಿ ಪುಟದ ಎಡ ಮೂಲೆಯ ಬಿಳಿ ಬಿಲ್ಲೆ ನೀಲಿಗೆ ತಿರುಗಿತ್ತು.

"ಏನ್ರೀ ಇದು? ನಾನು ಟೈಲ್ಸ್ ಮಾರ್ತೀನೋ, ಐಸ್ ಮಾರ್ತೀನೋ?"

"ಮಷೀನ್ ಹೊಸದು ಸಾರ್. ಕೈ ಇನ್ನೂ ಕೂತಿಲ್ಲ," ಎಂದ ಮಾಲೀಕ.

"ಮಷೀನಿಗೇನಾಗಿರುತ್ತೆ? ಮೊನ್ನೆ ನೀವೇ ಕನ್ನಡಿ ಅಂದ್ರಿ." ಮ್ಯಾನೇಜರು ಒಳಗಿನ ಕೋಣೆಯತ್ತ ಕಣ್ಣು ಹಾಯಿಸಿ ನಕ್ಕ. "ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರಲ್ಲ. ನಿಮ್ಮಕ್ಕನಿಗೆ ಎಲ್ಲ ಹಳದಿ ಕಂಡಿರ್ಬೇಕು, ಅದಕ್ಕೇ ಬಕೆಟ್‌ಗಟ್ಟಲೆ ನೀಲಿ ಸುರಿದಿದ್ದಾರೆ."

ಪಾಪ, ಅವನು ತಮಾಷೆಗೆ ಅಂದದ್ದು. ಆದರೆ ಕತ್ತಲಲ್ಲಿ ಎಸೆದ ಕಲ್ಲು ಸರಿಯಾಗಿ ಹಣೆಗೇ ಬಿತ್ತು. ಬಾಗಿಲ ಹಿಂದೆ ನಿಂತಿದ್ದ ಬಣ್ಣದಕ್ಕ ಬೂದು ಕೋಟಿನ ಗುಂಡಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಗೊತ್ತಾಗಿಬಿಟ್ಟಿದೆ, ಊರಿಗೆಲ್ಲ ಗೊತ್ತಾಗಿಬಿಟ್ಟಿದೆ, ಎಂದುಕೊಂಡಳು. ಮ್ಯಾನೇಜರು ಹೋಗುವಾಗ ಇನ್ನೊಂದು ಮಾತು ಬಿಟ್ಟುಹೋದ. ಈ ವಾರದೊಳಗೆ ಸರಿ ಮಾಡಿ ಕೊಡಬೇಕು, ಇಲ್ಲವೇ ಆ ಕುರ್ಚಿಯಲ್ಲಿ ಬೇರೆ ಯಾರನ್ನಾದರೂ ಕೂರಿಸಬೇಕು.

ಮಾಲೀಕ ಒಳಗೆ ಬಂದ. ಬೈದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೇನೋ. ಅವನು ಬೈಯಲಿಲ್ಲ. ಅವಳ ಮುಖ ನೋಡದೆ, ಪರದೆಯ ಅಂಚನ್ನು ಮೆತ್ತನೆಯ ಬಟ್ಟೆಯಿಂದ ಒರೆಸುತ್ತ, "ಅಕ್ಕಾ, ನಾಲ್ಕು ದಿನ ರಜೆ ಬೇಕಾದ್ರೆ ತಗೊಳ್ಳಿ," ಎಂದ. ಆ ಅಂಗಡಿಯಲ್ಲಿ ಕೇಳದೆ ರಜೆ ಸಿಕ್ಕ ಉದಾಹರಣೆ ಒಂದೇ ಒಂದು. ಅವಳ ಅಪ್ಪನಿಗೆ ದೊಡ್ಡ ಮಾಲೀಕರು ಕೊಟ್ಟದ್ದು. ಆ ರಜೆ ಮುಗಿಯಲೇ ಇಲ್ಲ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಎಪ್ಪತ್ತೇಳರ ಅಪ್ಪ ಬಾಗಿಲ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತಿದ್ದ. ಎರಡೂ ಕಣ್ಣು ಹೋಗಿ ಎಷ್ಟೋ ವರ್ಷವಾದರೂ ಗಡ್ಡ ತಾನೇ ಬೋಳಿಸಿಕೊಳ್ಳುತ್ತಿದ್ದ, ಚಹಾ ತಾನೇ ಸೋಸಿಕೊಳ್ಳುತ್ತಿದ್ದ, ನಡಿಗೆಯ ಸಪ್ಪಳದಲ್ಲೇ ಬೀದಿಯವರನ್ನೆಲ್ಲ ಗುರುತಿಸುತ್ತಿದ್ದ.

"ಬೇಗ ಬಂದ್ಯಲ್ಲ?"

"ಕೆಲ್ಸ ಕಮ್ಮಿ ಇತ್ತು."

"ಹೂಂ. ಈ ಕೆಮ್ಮಿನ ಔಷಧಿ ಮೇಲೆ ಎಷ್ಟು ಚಮಚ ಅಂತ ಬರೆದಿದೆ ನೋಡು."

ಅವಳು ಬಾಟಲಿ ತೆಗೆದುಕೊಂಡಳು. ಅಕ್ಷರ ಸಣ್ಣದು. ಕಿಟಕಿಯ ಹತ್ತಿರ ಹೋಗಿ, ಬಾಟಲಿಯನ್ನು ಬೆಳಕಿಗೆ ಹಿಡಿದು, ಎಡಗಣ್ಣು ಮುಚ್ಚಿದಳು, ಬಿಟ್ಟಳು, ಬಲಗಣ್ಣು ಮುಚ್ಚಿದಳು. "ಎರಡು ಚಮಚ," ಎಂದಳು.

ಅಪ್ಪ ಔಷಧಿಗೆ ಕೈ ಚಾಚಲಿಲ್ಲ. "ಕಿಟಕಿಗೆ ಯಾಕೆ ಹೋದೆ?" ಎಂದ.

"ಅಕ್ಷರ ಸಣ್ಣದಪ್ಪಾ."

"ಸಣ್ಣದಾದ್ರೆ ಓದೋಕೆ ಇಷ್ಟು ಹೊತ್ತು ಬೇಡ. ನೀನು ಓದ್ತಿರಲಿಲ್ಲ, ಕಣ್ಣು ಪರೀಕ್ಷೆ ಮಾಡ್ಕೊಳ್ತಿದ್ದೆ." ಅವನ ದನಿ ಏರಲಿಲ್ಲ. "ಒಂದು ವಾರದಿಂದ ಕೇಳಿಸ್ಕೊಳ್ತಾ ಇದ್ದೀನಿ. ಗಡಿಯಾರದ ಮುಂದೆ ನಿಲ್ತೀಯ. ಬಚ್ಚಲಲ್ಲಿ ನೀರಿನ ಸದ್ದಿಲ್ದೆ ನಿಲ್ತೀಯ. ನಾನೂ ಹಾಗೇ ನಿಲ್ತಿದ್ದೆ ಮಗಳೇ."

ಅವಳಿಗೆ ತಡೆದುಕೊಳ್ಳಲು ಆಗಲಿಲ್ಲ. ನೆಲದ ಮೇಲೆ ಕೂತು ಎಲ್ಲ ಹೇಳಿದಳು. ಹಳದಿ, ಕಪ್ಪು, ಸ್ಕ್ರೀನ್‌ಶಾಟ್, ಅಂಕಿಗಳು, ಕಾಮಾಲೆಯ ಮಾತು, ರಜೆ, ಒಂದನ್ನೂ ಬಿಡಲಿಲ್ಲ. ಅಪ್ಪ ನಡುವೆ ಬಾಯಿ ಹಾಕದೆ ಕೇಳಿದ. ಕೊನೆಗೆ ಒಂದೇ ಪ್ರಶ್ನೆ ಕೇಳಿದ.

"ಆ ಹಳದಿ ಬೇರೆಯವರಿಗೂ ಕಾಣುತ್ತಾ?"

"ಯಾರನ್ನ ಕೇಳಲಿ? ನೀನೇ ಅಲ್ವಾ ಹೇಳಿಕೊಟ್ಟಿದ್ದು, ಕೇಳಬಾರ್ದು ಅಂತ?"

ಬೀದಿಯಲ್ಲಿ ಯಾರೋ ಸೈಕಲ್ಲು ತಳ್ಳಿಕೊಂಡು ಹೋದರು.

"ಅದು ಕಸುಬಿನ ಪಾಠ ಅಲ್ಲಮ್ಮ," ಎಂದ ಅಪ್ಪ. "ನನಗೆ ಕಲಿಸಿದ ಗುರುಗಳು ದಿನಕ್ಕೆ ಹತ್ತು ಸಲ ಎಲ್ಲರನ್ನೂ ಕರೆದು ಕೇಳೋರು, ಇದು ಹೇಗೆ ಕಾಣುತ್ತೆ ನೋಡು, ಅದು ಹೇಗೆ ಕಾಣುತ್ತೆ ನೋಡು ಅಂತ. ಕೇಳಬಾರ್ದು ಅನ್ನೋದನ್ನ ನಾನು ಹುಟ್ಟಿಸಿದ್ದು. ಕಣ್ಣು ಹೋಗ್ತಾ ಇದ್ದ ವರ್ಷ. ಯಾರೂ ನನ್ನ ಹತ್ರ ಬಂದು ಇದು ಹೇಗಿದೆ ಅಂತ ಚರ್ಚೆ ಮಾಡಬಾರ್ದು, ಅದಕ್ಕೆ."

"ಮತ್ತೆ ನನ್ನನ್ನ ದಿನಾ ಕೇಳ್ತಿದ್ಯಲ್ಲ? ಇದು ಯಾವ ಬಣ್ಣ ಹೇಳು ನೋಡೋಣ, ಈ ಕೆನ್ನೆ ಮೇಲೆ ಏನಿದೆ ಹೇಳು ನೋಡೋಣ ಅಂತ?"

"ಕೇಳ್ತಿದ್ದೆ. ನನಗೆ ಕಾಣ್ತಿರಲಿಲ್ಲ."

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅಪ್ಪನ ಪಕ್ಕ ಸ್ಟೂಲಿನ ಮೇಲೆ ಕೂತು, ಒಂದೊಂದೇ ಬಣ್ಣಕ್ಕೆ ಉತ್ತರ ಹೇಳಿ, ಸರಿಯಾದಾಗ ಅಪ್ಪ 'ಭಲೆ' ಎಂದದ್ದಕ್ಕೆ ಹಿಗ್ಗಿ ಹೀರೇಕಾಯಿಯಾಗಿದ್ದಳು ಅವಳು. ಇಡೀ ಕಸುಬನ್ನು ಕಲಿತದ್ದೇ ಹಾಗೆ. ಅವನು ಪರೀಕ್ಷೆ ಮಾಡುತ್ತಿದ್ದಾನೆ ಎಂದುಕೊಂಡಿದ್ದಳು. ಅವನು ಅವಳ ಕಣ್ಣನ್ನು ಕಡ ತೆಗೆದುಕೊಳ್ಳುತ್ತಿದ್ದ. ಅವಳಿಗೆ ಸಿಟ್ಟು ಬಂತು, ಅಳುವೂ ಬಂತು, ಯಾವುದು ಮೊದಲು ಎಂದು ತಿಳಿಯಲಿಲ್ಲ.

"ಒಂದು ವರ್ಷ ಮುಚ್ಚಿಟ್ಟೆ," ಎಂದ ಅಪ್ಪ. "ಆ ವರ್ಷದಲ್ಲೇ ಬಂದಿದ್ರೆ ಉಳಿಸ್ತಿದ್ದೆ ಅಂದ್ರು ಡಾಕ್ಟರು. ನಿನಗೆ ಇದನ್ನ ಹೇಳೋಕೂ ನನಗೆ ಮುಖ ಇರಲಿಲ್ಲ. ನಾಳೆ ಹೋಗಿ ಕೇಳು. ಅಂಗಡಿಯಲ್ಲೂ ಕೇಳು, ಡಾಕ್ಟರನ್ನೂ ಕೇಳು. ಎರಡು ಕಡೆನೂ. ಮಾತು ಕೊಡು."

ಅವಳು ಮಾತು ಕೊಟ್ಟಳು.

ಮರುದಿನ ಕತ್ತರಿ ಮಾವ ಆಗಷ್ಟೇ ಬಂದು ಚಪ್ಪಲಿ ಬಿಡುತ್ತಿದ್ದ. ಬಣ್ಣದಕ್ಕ ಪರದೆ ತುಂಬ ಬಿಳಿ ಪುಟ ತೆರೆದಿಟ್ಟು ಕಾಯುತ್ತಿದ್ದಳು. ಮೂರು ಸಲ ಬಾಯಿ ತೆರೆದು ಮುಚ್ಚಿದಳು.

"ಮಾವಾ, ಇಲ್ಲಿ ಬನ್ನಿ. ಈ ಮೂಲೆ... ಈ ಮೂಲೆ ನಿಮಗೆ ಯಾವ ಬಣ್ಣ ಕಾಣುತ್ತೆ?"

ಮಾವ ಬಂದು, ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದ.

"ಹಳದಿ," ಎಂದ ಮಾವ.

"ಏನು?"

"ಹಳದಿ ತಾಯಿ. ಒಂದು ವಾರ ಆಯ್ತಲ್ಲ? ಆಗಾಗ ಅರ್ಧ ಕಪ್ಪೂ ಆಗುತ್ತೆ. ನೀವು ಏನೂ ಅನ್ನಲಿಲ್ಲ. ನಮ್ಮ ಬಣ್ಣದಕ್ಕನಿಗೆ ಕಾಣದೆ ಇರುತ್ತಾ, ಏನೋ ಲೆಕ್ಕಾಚಾರ ಇರುತ್ತೆ, ಕತ್ತರಿ ಹಿಡಿಯೋನಿಗೆ ಯಾಕೆ ಬೇಕು ಅಂತ ಸುಮ್ಮನಿದ್ದೆ."

ಬಣ್ಣದಕ್ಕ ನಕ್ಕಳೋ ಅತ್ತಳೋ, ಮಾವನಿಗಂತೂ ತಿಳಿಯದೆ ಗಾಬರಿಯಾಗಿ ನೀರು ತಂದುಕೊಟ್ಟ. ಗದ್ದಲ ಕೇಳಿ ಮಾಲೀಕ ಒಳಗೆ ಬಂದ. ಮಾವ ತನ್ನ ಫೋನಿನ ಕ್ಯಾಮೆರಾದಲ್ಲಿ ಪರದೆಯ ಫೋಟೋ ತೆಗೆದು ಅವನ ಮೂಗಿಗೆ ಹಿಡಿದ. ಹಳದಿ ಕಲೆ ಅಲ್ಲಿ ರಾಜನ ಹಾಗೆ ಕೂತಿತ್ತು. ಮಾಲೀಕನ ಮುಖ ಇಂಗು ತಿಂದ ಮಂಗನಂತಾಯಿತು.

"ನಿಮಗೂ ಕಂಡಿತ್ತಾ?" ಎಂದಳು ಬಣ್ಣದಕ್ಕ.

ಅವನು ಕಿವಿ ಕೆರೆದುಕೊಂಡ. "ಕಪ್ಪಾಗೋದು ಎರಡು ಸಲ ಕಂಡಿತ್ತು ಅಕ್ಕಾ. ಬೀದಿಗೆಲ್ಲ ಹೇಳ್ಕೊಂಡು ತಿರುಗಿದ್ದೆ. ಕೆಟ್ಟಿದೆ ಅಂತ ಯಾವ ಬಾಯಲ್ಲಿ ಹೇಳ್ಲಿ? ತಾನಾಗೇ ಸರಿಹೋಗುತ್ತೆ ಅಂದ್ಕೊಂಡೆ."

"ಅದಕ್ಕೇ ನನಗೆ ರಜೆ ಕೊಟ್ರಾ?"

ಮಾಲೀಕ ಅಂದೇ ಕಂಪ್ಯೂಟರ್ ಕಂಪನಿಗೆ ಫೋನು ಮಾಡಿ ಕೂಗಾಡಿದ. ಯಾರ ಮೇಲಿನ ಕೋಪವೋ, ಚೆನ್ನಾಗಿಯೇ ಕೂಗಾಡಿದ. ಎರಡು ದಿನಕ್ಕೆ ತಂತ್ರಜ್ಞ ಬಂದು ನೋಡಿ, ಗಾಜಿನ ಹಿಂದಿನ ಪದರದಲ್ಲೇ ದೋಷ, ಇಡೀ ಪೆಟ್ಟಿಗೆಯನ್ನೇ ಬದಲಿಸಿಕೊಡುತ್ತೇವೆ ಎಂದ. ಸ್ಕ್ರೀನ್‌ಶಾಟಿನ ವಿಷಯ ಕೇಳಿ ಅವನಿಗೆ ನಗು. "ಅದು ಕಂಪ್ಯೂಟರ್ ಒಳಗಿನ ಚಿತ್ರ ಮೇಡಂ. ಅಂಕಿಗಳೂ ಅಷ್ಟೇ. ಹೊರಗೆ ಗಾಜಿನ ಮೇಲೆ ಹೇಗೆ ಕಾಣ್ತಿದೆ ಅನ್ನೋದು ಅದಕ್ಕೇನು ಗೊತ್ತು?" ಎಂದ. ಬಣ್ಣದಕ್ಕನಿಗೆ ಹತ್ತು ವರ್ಷ ಚಿಕ್ಕವಳಾದಂತೆ ಅನ್ನಿಸಿತು. ಆ ದಿನ ಕತ್ತರಿ ಮಾವನಿಗೆ ಎರಡು ಲೋಟ ಚಹಾ ಕೊಡಿಸಿದಳು.

ಕಣ್ಣಿನ ಆಸ್ಪತ್ರೆಗೆ ಹೋದದ್ದು ಬರೀ ಮಾತು ಉಳಿಸಿಕೊಳ್ಳಲು. ಭಯವೆಲ್ಲ ಇಳಿದಿತ್ತು. ಹಸಿರು ಬಳಿದ ಉದ್ದನೆಯ ಓಣಿಯಲ್ಲಿ ಕಾಯುವಾಗ ಪಕ್ಕದವಳಿಗೆ ಕಂಪ್ಯೂಟರಿನ ಕಥೆಯನ್ನೆಲ್ಲ ಹೇಳಿ ನಗಿಸಿದಳು. ಒಳಗೆ ಕಣ್ಣಿನ ಒತ್ತಡ ನೋಡಿದರು. ಆಮೇಲೆ ಒಂದು ಕಣ್ಣು ಮುಚ್ಚಿಸಿ, ಬೋಗುಣಿಯಂಥ ಬಿಳಿ ಯಂತ್ರದೊಳಗೆ ಮುಖ ಇಡಿಸಿದರು. ನಡುವಿನ ಚುಕ್ಕಿಯನ್ನೇ ನೋಡುತ್ತಿರಬೇಕು, ಸುತ್ತ ಎಲ್ಲಾದರೂ ಬೆಳಕು ಮಿನುಗಿದರೆ ಕೈಯಲ್ಲಿನ ಗುಂಡಿ ಒತ್ತಬೇಕು. ಅವಳು ಚಕಚಕನೆ ಒತ್ತಿದಳು. ಒಂದೂ ತಪ್ಪಿಸಿಲ್ಲ ಎಂಬ ಹೆಮ್ಮೆಯಿಂದ ಹೊರಗೆ ಬಂದಳು.

ಡಾಕ್ಟರಮ್ಮ ಕಾಗದವನ್ನು ಮೇಜಿನ ಮೇಲೆ ಅವಳ ಕಡೆ ತಿರುಗಿಸಿ ಇಟ್ಟರು. ಎಡಗಣ್ಣಿನ ಚಿತ್ರದಲ್ಲಿ ಮೇಲ್ಗಡೆ ಒಂದು ಬೂದು ತೇಪೆ ಇತ್ತು.

"ಇಲ್ಲಿ ಹನ್ನೊಂದು ಸಲ ಬೆಳಕು ಬಂತು. ನೀವು ಒಂದು ಸಲವೂ ಒತ್ತಲಿಲ್ಲ."

"ಇಲ್ಲ ಡಾಕ್ಟ್ರೇ. ಅಲ್ಲಿ ಬೆಳಕು ಬರ್ಲೇ ಇಲ್ಲ."

"ಬಂತಮ್ಮ."

"ಆದ್ರೆ ಕಲೆಯೇನೂ ಕಾಣಲ್ವಲ್ಲ? ಹಳದಿ, ಕಪ್ಪು, ಏನೂ ಇಲ್ಲ. ನನ್ನ ಹಳದಿ ಕಂಪ್ಯೂಟರಿನದು. ಅದು ಖಾತ್ರಿ ಆಯ್ತು."

"ಆಗಿರಬಹುದು. ಈ ಒತ್ತಡದ ಕಾಯಿಲೆ ಹಳದಿ ತೋರಿಸಲ್ಲ, ಕಪ್ಪೂ ತೋರಿಸಲ್ಲ. ಎಷ್ಟು ಹೋಗಿದೆಯೋ ಅಷ್ಟು ಜಾಗವನ್ನ ಇನ್ನೊಂದು ಕಣ್ಣು ತುಂಬಿಕೊಡ್ತಾ ಇರುತ್ತೆ. ಗೊತ್ತೇ ಆಗಲ್ಲ." ಡಾಕ್ಟರಮ್ಮ ಚೀಟಿ ಬರೆಯತೊಡಗಿದರು. "ಹೋದದ್ದು ಬರಲ್ಲ. ಆದರೆ ಹೋಗಿರೋದು ಸ್ವಲ್ಪ. ದಿನಾ ಸಂಜೆ ಒಂದು ಹನಿ, ತಪ್ಪದೆ, ಜೀವನಪೂರ್ತಿ. ಹಾಕ್ಕೊಂಡ್ರೆ ಇಷ್ಟಕ್ಕೇ ನಿಲ್ಲಿಸಬಹುದು. ಇನ್ನೊಂದು ವರ್ಷ ತಡ ಆಗಿದ್ರೆ ಹೀಗೆ ಹೇಳ್ತಿರಲಿಲ್ಲ."

ಹೊರಗೆ ಬಂದಾಗ ಬಿಸಿಲು ಚುರುಗುಟ್ಟುತ್ತಿತ್ತು. ಬಸ್ಸು, ಜನ, ಎದುರಿನ ಕಟ್ಟಡದ ನೂರಾರು ಕಿಟಕಿ, ಎಲ್ಲವೂ ಪೂರ್ತಿ ಕಾಣುತ್ತಿದ್ದವು. ಎಲ್ಲಿಯೂ ತೂತಿಲ್ಲ, ಕಲೆಯಿಲ್ಲ. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು. ಕಂಡ ಹಳದಿಗೆ ಅಷ್ಟು ನಡುಗಿದವಳು, ಕಾಣದೆ ಹೋದದ್ದನ್ನು ಒಮ್ಮೆಯೂ ಹುಡುಕಿರಲಿಲ್ಲ. ಬಸ್ಸಿನಲ್ಲಿ ಕೂತು ಯೋಚಿಸಿದಳು. ಅಪ್ಪನಿಗೆ ಏನೂ ಇಲ್ಲವಂತೆ ಎಂದುಬಿಡುವುದು. ಮುದುಕನ ಎದೆಗೆ ಇನ್ನೊಂದು ಏಟು ಯಾಕೆ? ಹನಿಯನ್ನು ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಬಿಟ್ಟುಕೊಂಡರಾಯಿತು. ಮನೆಯ ತಿರುವು ಬರುವಷ್ಟರಲ್ಲಿ ಸುಳ್ಳು ಪೂರ್ತಿ ಸಿದ್ಧವಾಗಿತ್ತು.

ಅಪ್ಪ ಬಾಗಿಲಲ್ಲೇ ನಿಂತಿದ್ದ. "ಏನಂದ್ರು?" ಎಂದ.

ಅವಳು ಬಾಯಿ ತೆರೆದಳು. ಸಿದ್ಧವಾದ ಸುಳ್ಳು ಹೊರಗೆ ಬರಲಿಲ್ಲ.

"ಎಡಗಣ್ಣಲ್ಲಿ ಶುರುವಾಗಿದೆ ಅಪ್ಪ. ಮೇಲ್ಗಡೆ. ಸ್ವಲ್ಪ."

ಅಪ್ಪನ ಕೈ ಬಾಗಿಲ ಚೌಕಟ್ಟನ್ನು ತಡಕಿ ಹಿಡಿಯಿತು. "ನಿಲ್ಲುತ್ತಂತಾ?"

"ದಿನಾ ಹನಿ ಹಾಕಿದ್ರೆ ನಿಲ್ಲುತ್ತಂತೆ."

ಸಂಜೆ ಅವಳೇ ಹಾಕಿಕೊಳ್ಳಲು ಹೋದಳು. ತಲೆ ಹಿಂದಕ್ಕೆ ಮಾಡಿ, ಶೀಶೆ ಎತ್ತಿ ಹಿಡಿದರೆ, ಹನಿ ಬೀಳುವ ಮುಂಚೆಯೇ ರೆಪ್ಪೆ ಮುಚ್ಚಿಕೊಳ್ಳುತ್ತಿತ್ತು. ಒಂದು ಕೆನ್ನೆಗೆ ಹೋಯಿತು. ಇನ್ನೊಂದು ಮೂಗಿನ ಮೇಲೆ.

"ಇಲ್ಲಿ ಕೊಡು," ಎಂದ ಅಪ್ಪ. ಅವಳನ್ನು ಕುರ್ಚಿಯಲ್ಲಿ ಕೂರಿಸಿ ಹಿಂದೆ ನಿಂತ. ಎಡಗೈಯಿಂದ ಹಣೆ ತಡವಿ, ಹುಬ್ಬು ತಡವಿ, ಕೆಳಗಿನ ರೆಪ್ಪೆಯನ್ನು ಬೆರಳ ತುದಿಯಿಂದ ಮೆಲ್ಲಗೆ ಎಳೆದು 'ಇಲ್ಲಿಯೇ ಅಲ್ವಾ' ಎಂದ. ಎಷ್ಟೋ ವರ್ಷ ತನ್ನ ಕಣ್ಣಿಗೆ ತಾನೇ ಹನಿ ಹಾಕಿಕೊಂಡ ಕೈ ಅದು, ತಡವಾಗಿ ಶುರು ಮಾಡಿದ್ದರೂ ಒಂದು ದಿನ ತಪ್ಪಿಸದೆ.

"ಹೆದರಿಕೆ ಆಗ್ತಿದೆ ಅಪ್ಪ," ಎಂದಳು ಅವಳು.

"ಆಗುತ್ತೆ. ನನಗೂ ಆಗಿತ್ತು. ಯಾರಿಗೂ ಹೇಳಿರಲಿಲ್ಲ." ಅಪ್ಪನ ದನಿ ಒಡೆಯಿತು, ಬೆರಳು ಅಲುಗಲಿಲ್ಲ. "ನೀನು ಹೇಳ್ತಾ ಇರು. ಕಣ್ಣು ಮಾತ್ರ ಮುಚ್ಚಬೇಡ."

ಹನಿ ಸರಿಯಾಗಿ ಕಣ್ಣೊಳಗೆ ಬಿತ್ತು.